ಬೂಟಿನ ಅಡಿ ಬರೆದುಕೊಂಡವನು

ನೀಲಗಿರಿ ಎಣ್ಣೆಯ ವಾಸನೆ ಬಂದರೆ ನನಗೆ ಈಗಲೂ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅನ್ನಿಸುತ್ತದೆ. ಚಿಕ್ಕಂದಿನಲ್ಲಿ ನೆಗಡಿಯಾದವರ ಎದೆಗೆ ಅಮ್ಮ ಅದನ್ನೇ ತಿಕ್ಕುತ್ತಿದ್ದಳು. ಕಾಡಿನ ಗೇಟಿನಲ್ಲಿ ಬಸ್ಸಿಳಿದಾಗ ಸುತ್ತಲಿನ ಮರಗಳಿಂದ ಅದೇ ವಾಸನೆ ಬಂತು. ತಕ್ಷಣ ತಂಗಿಯ ಮುಖ ನೋಡಿದೆ. ಅವಳಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಸೂಜಿ ಚುಚ್ಚಿಕೊಂಡರೆ ಹನ್ನೆರಡಕ್ಕೆ ಊಟ ಆಗಲೇಬೇಕು, ತಡವಾದರೆ ಸಕ್ಕರೆ ಇಳಿದು ಕುಸಿಯುತ್ತಾಳೆ.

ಗೇಟಿನ ಕಾವಲುಗಾರ ನಮ್ಮನ್ನು ಬೆಂಚಿನ ಮೇಲೆ ಕೂರಿಸಿ, ಬೂಟು ಬಿಚ್ಚಿಸಿ, ಅವುಗಳ ಅಡಿಯ ಅಚ್ಚನ್ನು ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡ. ನನ್ನ ಸವೆದ ಹಿಮ್ಮಡಿಯನ್ನೂ ಬಿಡಲಿಲ್ಲ.

"ಯಾಕಪ್ಪಾ ಇದು?" ಎಂದೆ.

"ಎಲ್ಲರದ್ದೂ ಬರ್ಕೋತೀವಮ್ಮಾ, ದಾರಿ ತಪ್ಪಿದ್ರೆ ಹುಡುಕೋಕೆ. ಒಳಗೆ ಕೂಗಾಡ್ಬೇಡಿ, ಹದ್ದು ಮೊಟ್ಟೆ ಇಟ್ಟಿದೆ."

ತಂಗಿ ಮೂವತ್ತು ವರ್ಷ ಪೊಲೀಸ್ ಠಾಣೆಯಲ್ಲಿ ದೂರುಗಳನ್ನೇ ಟೈಪ್ ಮಾಡಿದವಳು. ಸ್ವಲ್ಪ ದೂರ ನಡೆದ ಮೇಲೆ ಪಿಸುಗುಟ್ಟಿದಳು: "ಹುಡುಕೋಕಂತೆ! ಇಬ್ರು ಮುದುಕೀರು ಎತ್ತ ಹೋಗ್ತಾರೆ ಅಂತ ತಿಳ್ಕೊಳ್ಳೋಕೆ."

"ನಿನ್ನ ಹತ್ರ ಕದಿಯೋಕೆ ಏನಿದೆಯೇ? ಹಲ್ಲಿನ ಸೆಟ್ಟಾ?"

ಒಂದು ತಾಸು ಕಳೆದಿರಬಹುದು. ತಿರುಗಿ ನೋಡಿದರೆ ಹಿಂದಿನ ತಿರುವಿನಲ್ಲಿ ಅದೇ ಕಾವಲುಗಾರ! ಎದೆಗೆ ಏನನ್ನೋ ಅವುಚಿಕೊಂಡಿದ್ದ. ನಾವು ನಿಂತೊಡನೆ ಜೋರಾಗಿ ಕೈ ಬೀಸಿದ. ಬಾಯಿ ಮಾತ್ರ ಬಿಡಲಿಲ್ಲ.

"ನೋಡಿದ್ಯಾ ಅಕ್ಕಾ? ಕೂಗಿ ಕರೆಯೋದಲ್ವಾ, ಒಳ್ಳೆಯವನಾದ್ರೆ?"

ದಾರಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ನಾನೂ ಹೆಜ್ಜೆ ಚುರುಕು ಮಾಡಿದೆ. "ಬಂಡೆ ಮೇಲೆ ನಡಿ, ಅಚ್ಚು ಬೀಳಲ್ಲ," ಎಂದು ತಂಗಿ ನನ್ನನ್ನು ಬತ್ತಿದ ಹಳ್ಳದ ಬಂಡೆಗಳ ಮೇಲೆ ಎಳೆದುಕೊಂಡು ಹೋದಳು. ಪೊದೆಯ ಹಿಂದೆ ಕುಳಿತೆವು. ಅವನು ಹಳ್ಳದವರೆಗೆ ಬಂದ, ಬಗ್ಗಿ ನೆಲ ನೋಡಿದ, ಪುಸ್ತಕ ತೆರೆದ, ತಲೆ ಕೆರೆದುಕೊಂಡು ಬೇರೆ ಕಡೆ ಹೋದ.

"ಹೇಗೆ!" ಎಂದಳು ತಂಗಿ. ಹಾಗೆನ್ನುವಾಗ ಅವಳ ತುಟಿ ಅದುರುತ್ತಿತ್ತು. ನಗು ತಡೆಯುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ಹಣೆಯ ಮೇಲೆ ಬೆವರು ಕಂಡಿತು. ಗಡಿಯಾರ ನೋಡಿದರೆ ಹನ್ನೆರಡು ದಾಟಿತ್ತು.

"ಅಕ್ಕಾ, ಊಟದ ಚೀಲ ಕೊಡು."

"ನಿನ್ನ ಹತ್ರ ಅಲ್ವೇನೇ?"

ಬೂಟು ಬಿಚ್ಚುವಾಗ ಅದನ್ನು ಬೆಂಚಿನ ಮೇಲಿಟ್ಟದ್ದು ಆಗ ನೆನಪಾಯಿತು. ಅವನ ಎದೆಗಿದ್ದದ್ದು ಏನೆಂದೂ ತಿಳಿಯಿತು.

ಹದ್ದು ಹಾರಿದರೆ ಹಾರಲಿ ಎಂದು ಗಂಟಲು ಹರಿಯುವಂತೆ ಕೂಗಿದೆ. ಹದ್ದು ನಿಜಕ್ಕೂ ಎದ್ದು ಆಕಾಶದಲ್ಲಿ ಸುತ್ತತೊಡಗಿತು. ಅವನು ಮುಳ್ಳುಗಂಟಿ ಲೆಕ್ಕಿಸದೆ ಓಡಿ ಬಂದ, ಮೊಣಕೈ ತರಚಿ ರಕ್ತ ಬಂದಿತ್ತು. ಒಮ್ಮೆ ಮೇಲೆ ಹದ್ದನ್ನು ನೋಡಿದ. ಚೀಲದಿಂದ ಬಾಳೆಹಣ್ಣು ತೆಗೆದು, ಸುಲಿದು, ತಂಗಿಯ ಬಾಯಿಗೇ ಹಿಡಿದ.

ಅವಳ ತುಟಿ ಅದುರುವುದು ನಿಂತಿತು. ಆಗ ಅವನು ಚೀಲದೊಳಗಿನ ಊಟದ ಡಬ್ಬಿಯ ಮುಚ್ಚಳ ಸಡಿಲಿಸಿ, ಸದ್ದಿಲ್ಲದೆ ಅವಳ ಮುಂದೆ ಚಾಚಿದ.