ನಡು ತೆಳುವಾದ ಹರಳು

ಅಕ್ಕ ನನಗೆ ವಜ್ರದ ಪಾಠ ಹೇಳಿಕೊಟ್ಟಿದ್ದು ಆಲೂಗೆಡ್ಡೆಯಲ್ಲಿ. ಅಮ್ಮ ತೀರಿಕೊಂಡ ವರ್ಷ ಅದು. ನನಗೆ ಹದಿನಾಲ್ಕು, ಅವಳಿಗೆ ಇಪ್ಪತ್ತಾರು. ಅಡುಗೆಮನೆಯಲ್ಲಿ ಕೂತು ಒಂದು ಗೆಡ್ಡೆಯನ್ನು ಕೆತ್ತಿದಳು. ಮೇಲಿನ ಚಪ್ಪಟೆ ಜಾಗ ಟೇಬಲ್, ಅದರ ಸುತ್ತಿನ ಇಳಿಜಾರು ಕಿರೀಟ, ಎಲ್ಲಕ್ಕಿಂತ ಅಗಲವಾದ ಕಡೆ ಸುತ್ತುವ ಪಟ್ಟಿ ನಡು, ಅಲ್ಲಿಂದ ಕೆಳಗೆ ಚೂಪಾಗುತ್ತ ಹೋಗುವುದು ಬುಡ, ಕಡೆಗೆ ಮೊನೆ. ಬೆಳಕು ಟೇಬಲ್ಲಿನಿಂದ ಒಳಗಿಳಿದು ಬುಡಕ್ಕೆ ಬಡಿದು ಮತ್ತೆ ಮೇಲಕ್ಕೇ ಬರಬೇಕು. ಬುಡದ ಇಳಿಜಾರು ತಪ್ಪಿದರೆ ಹರಳು ಸತ್ತ ಮೀನಿನ ಕಣ್ಣಿನ ಹಾಗೆ ಕಾಣುತ್ತದೆ.

"ವಜ್ರ ಗಟ್ಟಿ ಅಂತ ಎಲ್ರೂ ಹೇಳ್ತಾರೆ. ಗೀರೋದಕ್ಕೆ ಗಟ್ಟಿ ಕಣೇ, ಪೆಟ್ಟಿಗಲ್ಲ. ನಡು ತೆಳ್ಳಗಾಯ್ತೋ, ಒಂದು ಒತ್ತಿಗೆ ಚಕ್ಕೆ ಏಳುತ್ತೆ" ಅಂದಳು.

ಪಾಠ ಮುಗಿದ ಮೇಲೆ ವಜ್ರವನ್ನು ಬೇಯಿಸಿಕೊಂಡು ತಿಂದೆವು.

ಮುಂದೆ ನನ್ನನ್ನೂ ತಾನು ಕೆಲಸ ಮಾಡುತ್ತಿದ್ದ ವಜ್ರದ ಕಾರ್ಖಾನೆಗೇ ಸೇರಿಸಿದಳು. ಮೇಲಿನ ಮಹಡಿಯಲ್ಲಿ ಅವಳು ಹರಳಿಗೆ ಸಾಣೆ ಹಿಡಿಯುವವಳು. ಕೆಳಗೆ ನಾನು ಅದನ್ನು ಉಂಗುರದಲ್ಲಿ ಕೂರಿಸುವವಳು. ನಮ್ಮಲ್ಲೊಂದು ಕಟ್ಟಳೆಯಿತ್ತು. ಹರಳು ಮಡಿಚಿದ ಕಾಗದದ ಪೊಟ್ಟಣದಲ್ಲಿ ಬರುತ್ತದೆ. ಕೂರಿಸುವವಳು ಅದನ್ನು ಭೂತಗನ್ನಡಿಯಲ್ಲಿ ನೋಡಬೇಕು, ದೋಷವಿದ್ದರೆ ಪೊಟ್ಟಣದ ಮೇಲೆ ಬರೆದು ವಾಪಸು ಕಳಿಸಬೇಕು. ದೋಷ ಬರೆಯದೆ ರುಜು ಹಾಕಿದಳೋ, ಅಲ್ಲಿಂದಾಚೆ ಏನಾದರೂ ಅವಳ ತಲೆಗೇ.

ಅಕ್ಕನ ಪೊಟ್ಟಣಗಳನ್ನು ಮೇಸ್ತ್ರಿ ಬಿಚ್ಚಿ ನೋಡುವುದನ್ನೇ ಬಿಟ್ಟಿದ್ದರು. ಅಷ್ಟು ನಂಬಿಕೆ. ಅವಳ ಕಣ್ಣು ಹೋಗುತ್ತಿರುವುದು ಅವರಿಗೆ ಗೊತ್ತಿರಲಿಲ್ಲ. ಕಣ್ಣಿನ ನರವೇ ಒಣಗುತ್ತಿದೆ, ಕನ್ನಡಕದಿಂದ ಆಗುವುದು ಏನೂ ಇಲ್ಲ ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತು. ದಿನಾ ಬೆಳಿಗ್ಗೆ ನಾನು ಹರಟೆಯ ನೆಪದಲ್ಲಿ ಅವಳ ತೋಳು ಹಿಡಿದು ರಸ್ತೆ ದಾಟಿಸುತ್ತಿದ್ದೆ. ಕಾರ್ಖಾನೆಯ ಮೆಟ್ಟಿಲ ಬಳಿ ಅವಳ ಪೊಟ್ಟಣಗಳ ನಂಬರು ಓದಿ ಹೇಳುತ್ತಿದ್ದೆ. ಕೆಲಸ ಬಿಡು ಎಂದರೆ, "ಇಪ್ಪತ್ತೆರಡು ವರ್ಷ ಸಾಣೆ ಹಿಡಿದೋಳು ನಾನು. ನನ್ನ ಬೆರಳಿಗೇ ಕಣ್ಣಿದೆ. ನೀನು ನಿನ್ನ ಕೆಲಸ ನೋಡ್ಕೋ ಮುಂಗೋಪಿ" ಎನ್ನುತ್ತಿದ್ದಳು. ಅವಳು ಇಟ್ಟ ಹೆಸರೇ ನನಗೆ ಮುಂಗೋಪಿ. ಸುಳ್ಳೂ ಅಲ್ಲ.

ಆ ಮಂಗಳವಾರ ಬಂದ ಹರಳು ಅವಳದು. ಟೇಬಲ್ ಸರಿಯಿತ್ತು, ಬುಡ ಸರಿಯಿತ್ತು. ಚಿಮುಟದಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿದೆ. ಒಂದು ಕಡೆ ಕಿರೀಟವನ್ನು ಹೆಚ್ಚು ಉಜ್ಜಿಬಿಟ್ಟಿದ್ದಳು. ಅದು ಇಳಿದು ಇಳಿದು ಬುಡಕ್ಕೇ ತಾಗಿತ್ತು. ಅಲ್ಲಿ ನಡುವೇ ಇರಲಿಲ್ಲ, ಬ್ಲೇಡಿನ ಬಾಯಿಯಿತ್ತು.

ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. 'ನಡು ತೆಳು' ಎಂದು ಎರಡು ಪದ ಬರೆದರೆ ಮೇಸ್ತ್ರಿ ಅವಳ ಹಳೆಯ ಹರಳುಗಳನ್ನೆಲ್ಲ ತೆಗೆಸಿ ನೋಡುತ್ತಾರೆ, ಅವಳನ್ನು ಸಾಣೆಯಿಂದ ಎಬ್ಬಿಸುತ್ತಾರೆ. ಮದುವೆ, ಮಕ್ಕಳು ಎಲ್ಲವನ್ನೂ ನನಗಾಗಿ ಬಿಟ್ಟವಳಿಗೆ ಉಳಿದಿದ್ದು ಆ ಸಾಣೆ ಒಂದೇ. ರುಜು ಹಾಕಿದೆ.

ಉಂಗುರದಲ್ಲಿ ಹರಳನ್ನು ಹಿಡಿಯುವುದು ನಾಲ್ಕು ಚಿನ್ನದ ಕೊಕ್ಕೆಗಳು. ತೆಳುವಾದ ಜಾಗ ಎರಡು ಕೊಕ್ಕೆಗಳ ಮಧ್ಯೆ ಬರುವಂತೆ ಕೂರಿಸಿದೆ. ಮೈಯೆಲ್ಲ ಕಣ್ಣಾಗಿ ಒತ್ತಿದೆ. ಮೂರು ಕೊಕ್ಕೆ ಬಾಗಿದವು. ನಾಲ್ಕನೆಯದನ್ನು ಒತ್ತುವಾಗ ಹರಳು ಕೂದಲೆಳೆಯಷ್ಟು ಜರುಗಿತು, ಟಿಕ್ ಎಂದಿತು. ಅಷ್ಟು ಸಣ್ಣ ಸದ್ದು. ಪಕ್ಕದವಳಿಗೂ ಕೇಳಿಸಲಿಲ್ಲ.

ಚಕ್ಕೆ ಎದ್ದ ಹರಳನ್ನು ನೋಡಿದ ಮೇಸ್ತ್ರಿ ಅಕ್ಕನನ್ನೇ ಕೆಳಗೆ ಕರೆಸಿದರು. ಹರಳು ಒಡೆದರೆ ಸಾಣೆ ಹಿಡಿದವರನ್ನು ಒಂದು ಮಾತು ಕೇಳುವುದು ಅಲ್ಲಿನ ರೂಢಿ. ಅಕ್ಕ ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದಳು. ಅವಳು ನೋಡುತ್ತಿದ್ದದ್ದು ಚೆನ್ನಾಗಿದ್ದ ಕಡೆಯನ್ನು. ಚಕ್ಕೆ ಎದ್ದ ಜಾಗ ಅವಳ ಹೆಬ್ಬೆರಳ ಕೆಳಗಿತ್ತು.

"ಹರಳು ಸರಿಯಾಗೇ ಇತ್ತು ಸಾರ್. ಕೂರಿಸೋವಾಗ ಒತ್ತಿದಾಳೆ. ಮೊದಲಿಂದ್ಲೂ ಇವಳದ್ದು ದುಡುಕು ಕೈ" ಅಂದಳು.

"ಏನಮ್ಮ, ಹೌದಾ?" ಎಂದರು ಮೇಸ್ತ್ರಿ.

"ಹೌದು ಸಾರ್" ಅಂದೆ.

ಸಂಜೆಯೊಳಗೆ ನನ್ನ ಕೆಲಸ ಹೋಯಿತು.

ಮನೆಗೆ ಬಂದ ಅಕ್ಕ ಬೈದಳು. ತನ್ನ ಹೆಸರು ಹಾಳಾಯಿತು, ಮೇಸ್ತ್ರಿಗೆ ಹೇಗೆ ಮುಖ ತೋರಿಸುವುದು ಎಂದಳು. ಕೊನೆಗೆ ಬುಟ್ಟಿಯಿಂದ ಒಂದು ಆಲೂಗೆಡ್ಡೆ ತೆಗೆದು, "ಬಾ ಇಲ್ಲಿ. ಮೊದಲಿಂದ ಹೇಳಿಕೊಡ್ತೀನಿ" ಎಂದು ಚಾಕು ಹಿಡಿದಳು. ಮೂವತ್ತಾರು ವರ್ಷದ ನಾನು ಹದಿನಾಲ್ಕರವಳಂತೆ ಎದುರು ಕೂತೆ.

ಟೇಬಲ್ ಕೊಯ್ದಳು. ಬುಡ ಕೆತ್ತಿದಳು. ಕಿರೀಟ ಕೆತ್ತುತ್ತ ಗೆಡ್ಡೆಯನ್ನು ತಿರುಗಿಸಿದಳು. "ಇದು ನಡು" ಎಂದು ಬೆರಳು ಸುತ್ತಿಸುತ್ತ ಹೋದವಳು ಒಂದು ಕಡೆ ನಿಂತಳು. ಅಲ್ಲಿ ಪಟ್ಟಿ ಇರಲಿಲ್ಲ. ಬೆರಳನ್ನು ಹಿಂದಕ್ಕೆ ತಂದು ಮತ್ತೆ ಮುಟ್ಟಿದಳು. ಬೆರಳಿಗೆ ಕಣ್ಣಿದೆ ಎಂದು ಅವಳು ಹೇಳುತ್ತಿದ್ದದ್ದು ನಿಜವೇ.

"ಆ ಹರಳೂ ಹೀಗೇ ಇತ್ತೇನೇ?" ಎಂದು ಕೇಳಿದಳು. ದನಿ ಸಣ್ಣದಾಗಿತ್ತು.

"ಇಲ್ಲಕ್ಕ. ನನ್ನ ಕೈ ಜಾರ್ತು."

ಅವಳು ಗೆಡ್ಡೆಯನ್ನು ಹಲಗೆಯ ಮೇಲಿಟ್ಟಳು. "ಹಾಗಾದ್ರೆ ಸರಿ" ಅಂದಳು.

ಅವಳು ನಂಬಲಿ ಎಂದೇ ಸುಳ್ಳು ಹೇಳಿದ್ದೆ. ಆದರೂ ಆ 'ಸರಿ' ಕೇಳಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇನ್ನೊಂದು ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಅವಳು ಕೇಳಲಿಲ್ಲ. ಗೆಡ್ಡೆಯನ್ನು ಯಾರೂ ಬೇಯಿಸಲಿಲ್ಲ.

ಬೆಳಿಗ್ಗೆ ಅವಳು ತನ್ನೊಬ್ಬಳಿಗೇ ಊಟದ ಡಬ್ಬಿ ಕಟ್ಟಿಕೊಂಡು ಹೊರಟಳು. ನಾನು ಕಿಟಕಿಯಲ್ಲಿ ನಿಂತಿದ್ದೆ. ರಸ್ತೆಯ ಅಂಚಿನಲ್ಲಿ ಅವಳು ಬಹಳ ಹೊತ್ತು ಕಾದಳು. ಯಾರೋ ಒಬ್ಬ ದಾಟಲು ಹೆಜ್ಜೆ ಇಟ್ಟದ್ದೇ, ಅವನ ಬೆನ್ನ ಹಿಂದೆಯೇ ದಾಟಿ, ಸಾಣೆಯ ಕಡೆಗೆ ನಡೆದಳು.