ಖಾಲಿ ಎಂದು ತೋರಿಸಿದ ವಾರ್ಡು

ಆಸ್ಪತ್ರೆಯ ನೆಲಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಅಲ್ಲಿ ಕೂತು ನಾಲ್ಕು ಕಟ್ಟಡಗಳ ವೈ-ಫೈ ನೋಡಿಕೊಳ್ಳುವುದು ಅವಳ ಕೆಲಸ. ಹೊಸ ವ್ಯವಸ್ಥೆ ಬಂದ ಮೇಲೆ ಅರ್ಧ ಕೆಲಸ ಅದರ ಪಾಲಾಗಿತ್ತು. ಅದು ಮಹಾ ಜಾಣ. ಎಲ್ಲೆಲ್ಲಿ ಎಷ್ಟು ಮೊಬೈಲುಗಳಿವೆ ಎಂದು ಎಣಿಸಿ, ಜನರಿಲ್ಲದ ಕಡೆ ಚಾವಣಿಯ ವೈ-ಫೈ ಪೆಟ್ಟಿಗೆಗಳನ್ನು ತಾನೇ ಮಲಗಿಸಿ ಕರೆಂಟು ಉಳಿಸುತ್ತದೆ. ಆ ಬೆಳಿಗ್ಗೆ ಅದಕ್ಕೆ ಪೂರ್ತಿ ಅಧಿಕಾರ ಕೊಟ್ಟು, ಮಧ್ಯಾಹ್ನ ನಿಶ್ಚಿಂತೆಯಿಂದ ಊಟದ ಡಬ್ಬಿ ಬಿಚ್ಚಿದ್ದಳು.

ಪರದೆಯ ತುಂಬ ಹಸಿರು. ನಡುವೆ ಒಂದು ಸಾಲು ಕಣ್ಣಿಗೆ ಬಿತ್ತು: 'ಮೂರನೇ ಮಹಡಿ, ಪೂರ್ವ ವಾರ್ಡು. ಜನರಿಲ್ಲ. ಐವತ್ತು ನಿಮಿಷದಿಂದ ವಿಶ್ರಾಂತಿ.'

ಜನರಿಲ್ಲವೇ? ಹನ್ನೆರಡು ಹಾಸಿಗೆಯೂ ತುಂಬಿದ ವಾರ್ಡು ಅದು! ಆರನೆಯದರಲ್ಲಿ, ನಿನ್ನೆಯಷ್ಟೇ ಹೊಟ್ಟೆಯ ಆಪರೇಷನ್ ಆದ ಅವಳ ಅಕ್ಕ.

ಡಬ್ಬಿ ಪಕ್ಕಕ್ಕೆ ತಳ್ಳಿದಳು. ಆ ವಾರ್ಡಿಗೆ ಮೊಬೈಲು ಒಯ್ಯುವಂತಿಲ್ಲ. ರೋಗಿಗಳ ಕೊರಳಲ್ಲಿರುವುದು ನರ್ಸನ್ನು ಕರೆಯುವ ಗುಂಡಿ ಮಾತ್ರ. ಬ್ಯಾಟರಿ ಉಳಿಯಲೆಂದು ಅದು ಒತ್ತಿದಾಗಷ್ಟೇ ವೈ-ಫೈ ಹುಡುಕುತ್ತದೆ. ಹಾಗಾಗಿ ಜಾಣನ ಲೆಕ್ಕದಲ್ಲಿ ಅಲ್ಲಿ ನರಪಿಳ್ಳೆಯೂ ಇಲ್ಲ. ಪೆಟ್ಟಿಗೆ ಮಲಗಿದ ಮೇಲೆ ಎಷ್ಟು ಒತ್ತಿದರೂ ಕೇಳುವವರಿಲ್ಲ. ಮಲಗಿಸಲೇಬಾರದ ಜಾಗಗಳ ಪಟ್ಟಿ ಬರೆದವಳು ಅವಳೇ. ಮೊಬೈಲು ಹೆಚ್ಚಿರುವ ಜಾಗಗಳನ್ನೇ ಆರಿಸುತ್ತ ಹೋಗಿ, ಈ ವಾರ್ಡನ್ನು ಬಿಟ್ಟಿದ್ದಳು.

ಎಬ್ಬಿಸುವ ಆಜ್ಞೆ ಕೊಟ್ಟಳು. 'ನಾಲ್ಕು ನಿಮಿಷ' ಎಂದಿತು ಪರದೆ. ವಾರ್ಡಿಗೆ ಫೋನ್ ಮಾಡಿದರೆ ಎಂಗೇಜು. ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿದಳು. ಅಕ್ಕನಿಗೇನಾದರೂ ಆಗಿದ್ದರೆ?

ಹೊರಗಿನ ಮೇಜಿನಲ್ಲಿ ನರ್ಸು ಆಗಷ್ಟೇ ಫೋನ್ ಇಟ್ಟು ನಕ್ಕಳು. "ಇವತ್ತು ಒಬ್ಬರೂ ಕರೆದಿಲ್ಲ ಮೇಡಂ. ಎಲ್ಲಾ ಹಾಯಾಗಿ ಮಲಗಿದ್ದಾರೆ."

ಕರೆದಿಲ್ಲವೋ, ಕರೆದದ್ದು ಕೇಳಿಸಿಲ್ಲವೋ! ನರ್ಸಿನ ಕೈ ಹಿಡಿದು ಒಳಗೆ ಎಳೆದುಕೊಂಡೇ ಹೋದಳು.

ಅಕ್ಕನ ಕಣ್ಣು ತೆರೆದಿತ್ತು. ಮುಖ ಬಿಳಿಚಿಕೊಂಡಿತ್ತು, ಹೆಬ್ಬೆರಳು ಗುಂಡಿಯ ಮೇಲಿತ್ತು. "ನನಗೇನಾಗಿಲ್ಲ ಕಣೇ. ಆ ಕಡೆ ನೋಡು!"

ಪಕ್ಕದ ಹಾಸಿಗೆಯಲ್ಲೊಬ್ಬರು ಅಜ್ಜಿ. ತುಟಿ ನೀಲಿಗಟ್ಟಿತ್ತು. ನರ್ಸು ಕೂಗಿಕೊಂಡಳು, ಡಾಕ್ಟರು ಓಡಿ ಬಂದರು, ಮುಖಕ್ಕೆ ಆಕ್ಸಿಜನ್ ಮಾಸ್ಕು ಹಾಕಿದರು. ಬಹಳ ಹೊತ್ತಿನ ಮೇಲೆ ಉಸಿರು ಹಳಿಗೆ ಬಂತು.

ಅವಳು ಅಕ್ಕನ ಪಕ್ಕ ಕೂತಳು. "ಕೂಗಬಾರದಿತ್ತಾ ಅಕ್ಕಾ?"

"ಅಜ್ಜಿನೂ ಅದನ್ನೇ ಹೇಳಿದ್ರು, ಕೂಗಮ್ಮಾ ಅಂತ. ನಾನೇ ಬೇಡ ಅಂದೆ. ಇದನ್ನ ಹಾಕಿಸಿದ್ದು ನನ್ನ ತಂಗಿ, ಒತ್ತಿದ್ರೆ ಸಾಕು, ಬಂದೇ ಬರ್ತಾರೆ ಅಂದೆ."

ಮಾಸ್ಕಿನ ಹಿಂದಿನಿಂದ ಅಜ್ಜಿ ಅವಳನ್ನೇ ನೋಡುತ್ತಿದ್ದರು.