ಅಡಿ ಹಲಗೆ

"ಮೂಸಿ ನೋಡಿ ರೈಟ್ರೇ, ಇದು ಕಾಫಿ ಸಿಪ್ಪೆ ನಾತ ಅಲ್ವಾ?"

ಮಾದಮ್ಮ ಹಳ್ಳದ ಕಪ್ಪು ನೀರನ್ನು ಬೊಗಸೆಯಲ್ಲಿ ಹಿಡಿದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಧರ್ಮನ ಮೂಗಿನ ಬಳಿ ತಂದಳು. ಬೆಳಿಗ್ಗೆ ಇದೇ ನೀರು ಕುಡಿದ ಅವಳ ಎಮ್ಮೆ ಬದುವಿನ ಮೇಲೆ ಮಲಗಿದ್ದು ಎದ್ದಿರಲಿಲ್ಲ.

"ಅದೇ ನಾತ. ಆದ್ರೆ ಹಣ್ಣಿನ ಸಿಪ್ಪೆ ಸುಲಿಯೋ ನಮ್ ಪಲ್ಪರ್ ನಿಂತು ಎರಡ್ ವರ್ಷ ಆಯ್ತು ಕಣಕ್ಕ. ಈಗ ಹಣ್ಣನ್ನ ಹಂಗೇ ಕಣದಲ್ಲಿ ಒಣಗಿಸ್ತೀವಿ."

"ನಿನ್ನೆ ಮಳೆ ಸದ್ದಲ್ಲಿ ಸಿಪ್ಪೆ ನೀರು ಬಿಟ್ಬುಟ್ರೆ ಯಾರಿಗ್ ಗೊತ್ತಾಯ್ತದೆ?"

ಮಾದಮ್ಮ ಆಗಲೇ ಪಂಚಾಯ್ತಿಗೆ ಫೋನ್ ಮಾಡಿ ಧರ್ಮನ ಹೆಸರನ್ನೇ ಹೇಳಿದ್ದಳು. ಮಧ್ಯಾಹ್ನ ನೋಡಲು ಬರುತ್ತಾರೆ. ದೂರು ನಿಜವೆಂದಾದರೆ ಅವನ ಕೆಲಸ ಹೋಗುತ್ತದೆ, ಅದು ಇಬ್ಬರಿಗೂ ಗೊತ್ತಿತ್ತು.

ಅವನೇ ಅವಳನ್ನು ಹಳ್ಳದ ಮೇಲ್ಭಾಗದಲ್ಲಿದ್ದ ಪಲ್ಪರ್ ಮನೆಗೆ ಕರೆದೊಯ್ದ. ತೊಟ್ಟಿಯಲ್ಲಿ ತರಗೆಲೆ, ಯಂತ್ರದ ಗಾಲಿಗೆ ಜೇಡರ ಬಲೆ. ಮಾದಮ್ಮ ಹಳ್ಳಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಕೋಲು ಚುಚ್ಚಿದಳು. ಕಣಜದ ಮಣ್ಣುಗೂಡು ಉದುರಿತು. ಕೋಲನ್ನೂ ಮೂಸಿದಳು.

"ಇನ್ನೊಂದ್ ಪೈಪ್ ಎಲ್ಲಿಟ್ಟಿದೀರಿ?"

"ನನ್ ಹೊಟ್ಟೇಲಿ. ಬಗೀತೀಯಾ?"

ಅವಳು ನಗಲಿಲ್ಲ. ಹಳ್ಳದ ದಂಡೆ ಹಿಡಿದು ಕೆಳಕ್ಕೆ ಇಳಿದಳು, ಅವನು ಹಿಂದೆ. ಇಲ್ಲಿ ನೀರು ತಿಳಿಯಾಗಿತ್ತು, ಮೀನುಮರಿಗಳು ಆಡುತ್ತಿದ್ದವು. ಹಳ್ಳಕ್ಕೆ ಅಡ್ಡ ಹಾಕಿದ್ದ ಕಟ್ಟೆಯವರೆಗೂ ಹಾಗೆಯೇ. ಕಟ್ಟೆಯ ತೂಬಿನಲ್ಲಿ ಅಡಿ ಹಲಗೆ ಇರಲಿಲ್ಲ. ಆ ಸಂದಿನಿಂದ ಮಾತ್ರ ಕಪ್ಪು ನೀರು ನುಗ್ಗುತ್ತಿತ್ತು. ಕಟ್ಟೆಯ ಹಿಂಬದಿಗೆ ಮೊಣಕಾಲೆತ್ತರ ಕೂತಿದ್ದ ಗೋಡು, ಸಿಪ್ಪೆ ಕೊಳೆತ ಕಪ್ಪು ಕೆಸರು, ಹೆಂಟೆಹೆಂಟೆಯಾಗಿ ಕುಸಿದು ಬೀಳುತ್ತಿತ್ತು.

"ಹಲಗೆ ತೆಗೆದಿದ್ದು ಯಾರು?" ಧರ್ಮ ಕೇಳಿದ.

ಮೊದಲ ಮಳೆ ಬಿದ್ದ ಮೇಲೆ ಅಡಿ ಹಲಗೆ ಎತ್ತಿ ಗೋಡನ್ನು ಗದ್ದೆಗೆ ಹಾಯಿಸುವುದು ಅವಳ ಮಾವನ ಕಾಲದ ಪದ್ಧತಿ. ಆಳು ಸಿಗದೆ ಐದು ವರ್ಷ ಯಾರೂ ಮುಟ್ಟಿರಲಿಲ್ಲ. ನಿನ್ನೆ ಸಂಜೆ ಅವಳೇ ಹಾರೆ ಹಾಕಿ ಮೀಟಿದ್ದಳು.

"ಗದ್ದೆಗೆ ಗೊಬ್ಬರ ಆಯ್ತದೆ ಅಂತ..." ಎಂದಳು. ತಕ್ಷಣ ದನಿ ಏರಿಸಿದಳು. "ಸಿಪ್ಪೆ ನಿಮ್ದೇ ತಾನೇ?"

"ನಮ್ದೇ. ಹಳೇದು. ಅಡೀಲಿ ಕೂತಿತ್ತು. ಮೇಲೆ ತಿಳಿ ನೀರು ಹರೀತಿತ್ತು ಅಂತ ನಾವೂ ಸುಮ್ನಿದ್ವಿ." ಧರ್ಮ ಕಪ್ಪು ನೀರನ್ನೇ ನೋಡುತ್ತಿದ್ದ. "ಎಬ್ಬಿಸಿದ್ದು ಯಾರು ಅಂತಾನೂ ಪಂಚಾಯ್ತಿಯೋರು ಕೇಳ್ತಾರೆ ಅಕ್ಕ."

ಕೆಳಗಿನ ತಿರುವಿನಲ್ಲಿ ಬಿಂದಿಗೆ ಕಲ್ಲಿಗೆ ತಾಗಿದ ಸದ್ದಾಯಿತು. ಮಾದಮ್ಮ ದಂಡೆಯ ಮೇಲಿದ್ದ ಹಲಗೆಯನ್ನು ಎಳೆದುಕೊಂಡು ನೀರಿಗಿಳಿದಳು.

"ತುಂಬ್ಕೋಬೇಡ್ರೇ! ನೀರು ಕೆಟ್ಟೈತೆ!"

ಬಿಂದಿಗೆಯ ಸದ್ದು ನಿಂತಿತು. ಹೆಂಗಸೊಬ್ಬಳ ದನಿ ಮೇಲಕ್ಕೆ ಬಂತು: "ಯಾರು ಕೆಡಿಸಿದ್ದು?"

ಮಾದಮ್ಮ ಹಲಗೆಯನ್ನು ಸಂದಿಗೆ ಕೂರಿಸಿ, ಎರಡೂ ಮೊಣಕಾಲು ಊರಿ ಒತ್ತಿ ಹಿಡಿದಳು. ಅವಳ ಸುತ್ತ ನೀರು ನಿಧಾನವಾಗಿ ಏರತೊಡಗಿತು.